ಎರಡನೇ ಬೀಗದಕೈ

ಎವರೆಟ್, ವಾಷಿಂಗ್ಟನ್ ರಾಜ್ಯ
ಜನವರಿ 12, 2025

ಅಡಿವೆಪ್ಪಾ,

ಸಲಾಂ. ಅಕ್ಷರ ನೋಡಿದ ಕೂಡಲೇ ಯಾರದ್ದೆಂದು ನಿನಗೆ ಗೊತ್ತಾಗಿರುತ್ತದೆ. ಗೊತ್ತಾಗಿಯೂ ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದರೆ ಅದೇ ದೊಡ್ಡದು.

ಗುರುಪ್ರಸಾದ ನಿಮ್ಮ ಹುನಗುಂದದಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆಂದು ಕೇಳಿ ನಗು ಬಂತು. ಕೊಲ್ಲಿಯ ನಮ್ಮ ಕ್ಯಾಂಪ್ ಆಫೀಸಿನಲ್ಲಿ ಗುಮಾಸ್ತನಾಗಿದ್ದಾಗಲೂ ಅವನು ಮಾಡುತ್ತಿದ್ದದ್ದು ಅದನ್ನೇ. ನಾನು ಬರೆದದ್ದರ ಫೋಟೋ ಅವನ ಫೋನಿಗೆ ಹೋಗುತ್ತದೆ, ಅವನು ಪ್ರಿಂಟ್ ತೆಗೆದು ನಿನಗೆ ಮುಟ್ಟಿಸುತ್ತಾನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಗ್ಯಾಸ್ ಪ್ಲಾಂಟಿನ ಕಂಪ್ರೆಸರ್ ಮನೆಯ ಮಗ್ಗುಲಲ್ಲಿ ಹದಿನೆಂಟು ವರ್ಷ ಕಳೆದ ಕಿವಿ ಇದು. ಎದುರು ಕೂತವರ ಮಾತು ಕಿವಿಗೆ ಮೆಷಿನ್ ಹಾಕಿಕೊಂಡರೆ ಕೇಳುತ್ತದೆ, ಫೋನಿನಲ್ಲಿ ಬರೀ ಜೀರುಂಡೆ.

ನಾನು ಅಮೆರಿಕದಲ್ಲಿದ್ದೇನೆ. ದೊಡ್ಡಸ್ತಿಕೆ ಕೊಚ್ಚಲು ಬರೆಯುತ್ತಿಲ್ಲ ಮಾರಾಯ. ಮಗಳು ನಬೀಲಾ ಸಿಯಾಟಲ್‌ನ ಸೌತ್ ಲೇಕ್ ಯೂನಿಯನ್‌ನಲ್ಲಿ ಕೆಲಸಕ್ಕಿದ್ದಾಳೆ. ಬಾಡಿಗೆ ಕಡಿಮೆ ಎಂದು ಉತ್ತರಕ್ಕೆ ಎವರೆಟ್‌ನಲ್ಲಿ ಮನೆ ಮಾಡಿದ್ದಾಳೆ. ನಾನೂ ನನ್ನವಳು ಅಖ್ತರ್ ಜಹಾನೂ ಆರು ತಿಂಗಳಿಗೆಂದು ಬಂದಿದ್ದೇವೆ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮಳೆ ಬರುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ಕೂತಲ್ಲಿ ಕೂರಲಾಗದೆ ಬಸ್ಸು ಹತ್ತುತ್ತೇನೆ, ಇಳಿಯುತ್ತೇನೆ, ಮತ್ತೆ ಹತ್ತುತ್ತೇನೆ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀರಾ?" ಎಂದು ನನ್ನವಳು ಬೈಯುತ್ತಾಳೆ. ಇಲ್ಲಿ ದೊಡ್ಡ ವಿಮಾನ ಜೋಡಿಸುವ ಕಾರ್ಖಾನೆ ಇದೆ. ಬೇಲಿಯ ಈಚೆ ನಿಂತರೆ ಹೊಸ ಬಣ್ಣದ ವಿಮಾನಗಳು ಕಾಣುತ್ತವೆ, ಕೆಲವುಗಳ ಮೈಮೇಲೆ ಅರಬ್ಬಿ ಅಕ್ಷರ. ನಾನು ಅದನ್ನೇ ಓದುತ್ತಾ ನಿಲ್ಲುತ್ತೇನೆ.

ಹೋದ ವಾರ ನಬೀಲಾ ಸಿಹಿ ತಂದಳು. ಅವಳ ಕಂಪನಿಗೆ ಕೊಲ್ಲಿಯ ಸರ್ಕಾರಿ ಹೂಡಿಕೆ ನಿಧಿಯೊಂದು ಹಣ ಹಾಕಿದೆಯಂತೆ. ಎಣ್ಣೆ ತೀರುವುದರೊಳಗೆ ಅವರಿಗೆ ಬೇರೆ ಉದ್ಯಮಗಳು ಬೇಕು, ಅದಕ್ಕೇ ಲೋಕದ ಕಂಪನಿಗಳನ್ನೆಲ್ಲ ಕರೆಯುತ್ತಿದ್ದಾರೆ ಎಂದಳು. ಇವರ ಕಂಪನಿ ಅಲ್ಲಿ ಊರಷ್ಟು ದೊಡ್ಡ ಕಂಪ್ಯೂಟರ್ ಕಟ್ಟಡ ಎಬ್ಬಿಸುತ್ತಿದೆ. ಒಳಗೆ ತಂಪಾಗಿಡುವ ಸಾಫ್ಟ್‌ವೇರು ನಬೀಲಾಳ ಗುಂಪಿನದು. ನಮ್ಮನ್ನು ಐವತ್ತು ಡಿಗ್ರಿಯಲ್ಲಿ ಬೇಯಿಸಿದ ಊರಿನಲ್ಲಿ ಈಗ ಕಂಪ್ಯೂಟರಿಗೆ ಸೆಕೆಯಾಗಬಾರದಂತೆ! ಜಾಗ ಎಲ್ಲಿ ಎಂದರೆ ಭೂಪಟ ತೋರಿಸಿದಳು. ದಮ್ಮಾಮಿನ ಉತ್ತರಕ್ಕೆ, ನಮ್ಮ ಗ್ಯಾಸ್ ಪ್ಲಾಂಟಿನಿಂದ ಇಪ್ಪತ್ತು ಕಿಲೋಮೀಟರ್.

ಅಂದಿನಿಂದ ನಿನ್ನ ನೆನಪು ತಲೆ ತಿನ್ನುತ್ತಿದೆ. 99ರ ಜೂನ್‌ನಲ್ಲಿ ನಿನ್ನ ತಾಯಿಗೆ ಕಾಯಿಲೆ ಜೋರಾದಾಗ ಕ್ಯಾಂಪಿನವರ ಪಾಸ್‌ಪೋರ್ಟುಗಳೆಲ್ಲ ಕ್ಯಾಂಪ್ ಬಾಸ್ ಆದ ನನ್ನ ಅಲ್ಮೇರಾದಲ್ಲಿದ್ದವು, ಬೀಗದಕೈ ನನ್ನ ಜೇಬಿನಲ್ಲಿ, ನಾನು ಮೈಸೂರಿನಲ್ಲಿ ರಜೆಯ ಮೇಲೆ. ನಾನು ಮರಳಿ ಬಂದು ಬಾಗಿಲು ತೆಗೆದು, ನೀನು ಊರು ಮುಟ್ಟುವಷ್ಟರಲ್ಲಿ ತಾಯಿಯ ಮಣ್ಣು ಮುಗಿದಿತ್ತು. ತಿರುಗಿ ಬಂದ ನೀನು ಒಂದು ಮಾತೂ ಬೈಯಲಿಲ್ಲ. ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದೆ, ಅಷ್ಟೆ. ಅದರ ಬಗ್ಗೆ ಬರೆಯಬೇಕೆಂದೇ ಇವತ್ತು ಕೂತದ್ದು. ಇಷ್ಟು ಬರೆಯುವಷ್ಟರಲ್ಲಿ ಕೈ ನಿಂತಿತು. ಹೇಗಿದ್ದೀಯ, ಎರಡು ಸಾಲು ಬರೆ.

ನಿನ್ನ
ಜಫರುಲ್ಲಾ


ಹುನಗುಂದ
ಫೆಬ್ರವರಿ 2, 2025

ಜಫರುಲ್ಲಾ ಸಾಹೇಬರಿಗೆ ಶರಣು.

ಪತ್ರ ಮುಟ್ಟಿದೆ. ನಾವು ಆರಾಮ. ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಕೆಲಸಕ್ಕೆ ಕೊರತೆ ಇಲ್ಲ. ಮನೆಯವಳು ಕಮಲವ್ವನಿಗೆ ಎರಡು ವರ್ಷದಿಂದ ಎದೆಯ ತ್ರಾಸು.

ಹಳೆಯದನ್ನು ನೀವು ನೆನೆಸಿದ್ದೀರಿ. ನಾನು ಮರೆತಿರಲಿಲ್ಲ, ಹಾಗಾಗಿ ನೆನೆಸುವ ಅಗತ್ಯ ಇರಲಿಲ್ಲ. ಬೀಗದಕೈ ಮರೆತು ಒಯ್ದಿರಿ, ಮರೆವು ಎಲ್ಲರಿಗೂ ಆಗುತ್ತದೆ. ಅದರ ಪೆಟ್ಟು ನನ್ನ ತಾಯಿಯ ಪಾಲಿಗೆ ಬಿತ್ತು. ಇಷ್ಟು ಸಾಕು.

ನಾನು ಉತ್ತರ ಬರೆಯುವವನಲ್ಲ. ಒಂದು ಕಾರಣಕ್ಕೆ ಬರೆಯುತ್ತಿದ್ದೇನೆ. ಮಗ ಕಲ್ಮೇಶ್ ಐಟಿಐ ಮುಗಿಸಿ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಬೇಡವೆಂದರೂ ಕೇಳದೆ ಕೊಲ್ಲಿಗೆ ಹೊರಟಿದ್ದಾನೆ. ಏಜೆಂಟನ ಕಾಗದದಲ್ಲಿರುವುದು ನೀವು ಬರೆದ ಊರೇ. ಕಂಪ್ಯೂಟರ್ ಕಟ್ಟಡವಂತೆ. "ನಿಮ್ಮ ಕಾಲ ಬ್ಯಾರೆ ಇತ್ತಪ್ಪಾ, ಈಗ ಅಲ್ಲಿ ಎಲ್ಲಾ ಹೊಸಾದು" ಎನ್ನುತ್ತಾನೆ. ಹೌದೇನು? ನಿಮ್ಮ ಮಗಳಿಗೆ ತಿಳಿದಿದ್ದರೆ ಕೇಳಿ ಬರೆಯಿರಿ.

ಇಂತಿ
ಅಡಿವೆಪ್ಪ


ಎವರೆಟ್
ಫೆಬ್ರವರಿ 9, 2025

ಅಡಿವೆಪ್ಪಾ,

'ಸಾಹೇಬರು', 'ನೀವು' ಎಂದೆಲ್ಲ ಬರೆದು ಚೆನ್ನಾಗಿ ಬಾರಿಸಿದೆ. ಪೆಟ್ಟು ತಿಂದೂ ಖುಷಿಯಾಯಿತು. ಉತ್ತರ ಬಂತಲ್ಲ!

ಮಗ ಹೇಳಿದ್ದು ಸುಳ್ಳಲ್ಲ. ಈಗ ಅಲ್ಲಿ ಕಾನೂನು ಬದಲಾಗಿದೆ. ಕೆಲಸಗಾರನ ಪಾಸ್‌ಪೋರ್ಟನ್ನು ಧಣಿ ಇಟ್ಟುಕೊಳ್ಳುವಂತಿಲ್ಲ. ಸಂಬಳ ನೇರ ಬ್ಯಾಂಕಿಗೆ. ಹೆಂಗಸರು ಕಾರು ಓಡಿಸುತ್ತಾರೆ, ಮೆಟ್ರೋ ರೈಲು ಓಡುತ್ತದೆ. ನಬೀಲಾ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ತೋರಿಸಿದಳು. ನಾವು ಶುಕ್ರವಾರ ಕೂತು ಕಡಲೆ ತಿನ್ನುತ್ತಿದ್ದ ಆ ಬಟಾಬಯಲಿನಲ್ಲಿ ಆರು ಸಾಲಿನ ರಸ್ತೆ. ನನಗಂತೂ ದಿಕ್ಕೇ ತಿಳಿಯಲಿಲ್ಲ.

ಆದರೂ ಕಲ್ಮೇಶನಿಗೆ ಹೇಳು, ಇದು ಅಲ್ಮೇರಾ ಕಾದವನ ಮಾತು: ವಿಮಾನ ಇಳಿದ ದಿನ "ಮುದ್ರೆ ಹಾಕಿಸಿ ಕೊಡ್ತೀವಿ" ಎಂದು ಪಾಸ್‌ಪೋರ್ಟ್ ಕೇಳುತ್ತಾರೆ. ನಗುನಗುತ್ತಾ ಕೇಳುತ್ತಾರೆ. ನಾನೂ ನಗುನಗುತ್ತಲೇ ಕೇಳುತ್ತಿದ್ದೆ. ಜೆರಾಕ್ಸ್ ಕೊಡಲಿ, ಅಸಲು ಕೊಡಬಾರದು. ನೀರು ದಾಹವಾಗುವ ಮೊದಲೇ ಕುಡಿಯಲಿ. ಊರಿನವರ ಹತ್ತಿರ ಜಗಳವಾಡದಿರಲಿ, ಕಾಯಿಲೆ ಬಿದ್ದಾಗ ಅವರೇ ಗಂಜಿ ಕೊಡುವವರು.

ಮತ್ತೆ ನೀನು ಯಾಕೆ ಚಿಂತೆ ಮಾಡುತ್ತೀ? ಆ ಕಟ್ಟಡದ ಕಂಪನಿಯಲ್ಲಿ ನನ್ನ ಮಗಳೇ ಇದ್ದಾಳೆ. ಏನಾದರೂ ಹೆಚ್ಚುಕಡಿಮೆ ಆದರೆ ಅವಳಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಕಮಲವ್ವನಿಗೂ ಹಾಗೆಂದು ಹೇಳು.

ಇಲ್ಲಿ ನಿನ್ನೆ ಒಂದು ಹೊತ್ತು ಬಿಸಿಲು ಬಂತು. ಇಡೀ ಎವರೆಟ್ ಕಡಲ ದಂಡೆಗೆ ಬಂದು ನಿಂತಿತ್ತು. ನಾನು ಅಲ್ಲೂ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾರದೆ ಹೊರಟೆ. ನಿನಗೆ ಬರೆಯಬೇಕಾದ ಇನ್ನೊಂದು ವಿಷಯ ಹಾಗೇ ಉಳಿದಿದೆ. ಮುಂದೆ ಎಂದಾದರೂ.

ನಿನ್ನ
ಜಫರುಲ್ಲಾ


ಹುನಗುಂದ
ಮಾರ್ಚ್ 21, 2025

ಜಫರುಲ್ಲಾ ಅವರಿಗೆ ಶರಣು.

ಕಲ್ಮೇಶ್ ಹೋಗಿ ಮೂರು ವಾರವಾಯಿತು. ನಿಮ್ಮ ಪತ್ರವನ್ನು ಅವನಿಗೆ ಓದಿ ಹೇಳಿದ್ದೆ. ಆದರೂ ಎರಡನೆಯ ದಿನವೇ ಪಾಸ್‌ಪೋರ್ಟ್ ಕೊಟ್ಟು ಕೂತಿದ್ದಾನೆ. "ಎಲ್ಲಾರೂ ಕೊಟ್ರು, ನಾ ಒಬ್ಬಾವ ಹ್ಯಾಂಗ ಇಲ್ಲ ಅನ್ಲಿ?" ಎನ್ನುತ್ತಾನೆ. ಅವನನ್ನು ಕರೆಸಿಕೊಂಡವನು ಕಾಂಟ್ರಾಕ್ಟರನ ಕೆಳಗಿನ ಕಾಂಟ್ರಾಕ್ಟರು. ಕೇಳಿದರೆ ಕಟ್ಟಡದ ಮೊದಲ ಹಂತ ಮುಗಿಯುವವರೆಗೆ ಯಾರಿಗೂ ರಜೆ ಇಲ್ಲ, ಪಾಸ್‌ಪೋರ್ಟ್ ಆಮೇಲೆ ಎಂದಿದ್ದಾನೆ.

ಕಮಲವ್ವನನ್ನು ಬಾಗಲಕೋಟೆಯಲ್ಲಿ ತೋರಿಸಿದೆವು. ಎದೆಯ ಕವಾಟ ಬದಲಿಸಬೇಕಂತೆ. ಮೇ 7ಕ್ಕೆ ಆಪರೇಷನ್. ಗಟ್ಟಿ ಹೆಂಗಸು, ಯಾವುದಕ್ಕೂ ಅತ್ತವಳಲ್ಲ. ಆದರೆ ಒಂದೇ ಹಟ: "ಮಗನ ಮುಖಾ ನೋಡಿ ಒಳಗ ಹೋಗ್ತೀನ್ರಿ, ಇಲ್ಲಾಂದ್ರ ಹೋಗಂಗಿಲ್ಲ."

ಮಗಳಿಗೆ ಒಂದು ಮಾತು ಹೇಳಿದರೆ ಮುಗಿಯಿತು ಎಂದು ಬರೆದಿದ್ದಿರಿ. ಆ ಒಂದು ಮಾತು ಹೇಳಿರಿ. ನಾನು ಯಾರನ್ನೂ ಏನೂ ಕೇಳಿದವನಲ್ಲ.

ಇಂತಿ
ಅಡಿವೆಪ್ಪ


ಎವರೆಟ್
ಮಾರ್ಚ್ 28, 2025

ಅಡಿವೆಪ್ಪಾ,

ಪತ್ರ ಓದಿದಾಗಿನಿಂದ ಮನೆಯೊಳಗೆ ಸುತ್ತುತ್ತಿದ್ದೇನೆ. ರೋಜಾ ಬೇರೆ. ಬೆಳಕು ಹರಿಯುವ ಮುಂಚೆ ಶುರುವಾದ ಉಪವಾಸ ಸಂಜೆ ಏಳೂವರೆಗೆ ಮುಗಿಯುತ್ತದೆ.

ಹೆದರಬೇಡ. ವಿಷಯವನ್ನು ಮುಟ್ಟಬೇಕಾದವರಿಗೆ ಮುಟ್ಟಿಸಿದ್ದೇನೆ. ಅದೂ ಎಂಥ ಕಡೆ ಗೊತ್ತೇ? ಹೂಡಿಕೆ ನಿಧಿಯವರು ಇಲ್ಲಿಗೆ ಬಂದಿದ್ದರು. ನಬೀಲಾಳ ಕಂಪನಿ ಅವರಿಗಾಗಿ ಇಫ್ತಾರ್ ಕೂಟ ಇಟ್ಟಿತ್ತು. ಹನ್ನೊಂದನೇ ಮಹಡಿ, ಕೆಳಗೆ ಕೆರೆ. "ನನ್ನ ತಂದೆ ನಿಮ್ಮ ದೇಶದಲ್ಲಿ ಹದಿನೆಂಟು ವರ್ಷ ಇದ್ದರು" ಎಂದು ನಬೀಲಾ ಹೇಳಿದ್ದೇ ತಡ, ಅವರ ಮುಖ್ಯಸ್ಥ ನನ್ನನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡ. ಮೂವತ್ತೈದರ ಹುಡುಗ. ಇಲ್ಲೇ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಲ್ಲಿ ಓದಿದ್ದನಂತೆ. ಖರ್ಜೂರವನ್ನು ತನ್ನ ಕೈಯಿಂದಲೇ ಕೊಟ್ಟ. ನನ್ನ ಮುರುಕು ಅರಬ್ಬಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಕಲಿತದ್ದು ಲಾರಿ ಡ್ರೈವರುಗಳ ಅರಬ್ಬಿಯಲ್ಲವೇ! "ನಮ್ಮ ದೇಶ ಕಟ್ಟಿದವರು ನೀವು ಅಂಕಲ್" ಎಂದ. ಬಾಯಿಮಾತಿಗೆ ಹೇಳಿದ್ದಲ್ಲ, ಅವನ ಕಣ್ಣು ತೇವವಾಗಿತ್ತು. ನಮ್ಮ ಕಾಲದಲ್ಲಿ ಹಣ ನೆಲದೊಳಗಿಂದ ಬರುತ್ತಿತ್ತು, ನಾವು ಅದರ ಕಾವಲಿಗೆ ದೇಶ ಬಿಟ್ಟು ಹೋದೆವು. ಈಗ ಆ ಹಣ ತಾನೇ ವಿಮಾನ ಹತ್ತಿ ನನ್ನ ಮಗಳ ಆಫೀಸಿಗೆ ಬಂದು ಕುರ್ಚಿ ಹಾಕಿ ಕೂತಿದೆ.

ಅಂಥವರ ಕಿವಿಗೆ ಬಿದ್ದ ಮೇಲೆ ಇನ್ನೇನು. ಕೆಲಸ ಆಗುತ್ತಿದೆ ಎಂದುಕೋ. ಸ್ವಲ್ಪ ಸಮಯ ಹಿಡಿಯಬಹುದು. ಕಮಲವ್ವನಿಗೆ ಧೈರ್ಯ ಹೇಳು.

ನಿನ್ನ
ಜಫರುಲ್ಲಾ


ಹುನಗುಂದ
ಏಪ್ರಿಲ್ 14, 2025

ಜಫರಣ್ಣ,

ಹದಿನೇಳು ದಿನವಾಯಿತು. ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಿಲ್ಲ. ಕಲ್ಮೇಶನನ್ನು ಯಾರೂ ಕರೆದು ಕೇಳಿಲ್ಲ. ಕಮಲವ್ವ ದಿನಾ ಬೆಳಿಗ್ಗೆ "ಜಫರಣ್ಣಾರು ಏನಂದ್ರು?" ಎಂದು ಕೇಳುತ್ತಾಳೆ. ಅವಳಿಗೆ 99ರ ಸಂಗತಿಯಲ್ಲಿ ನಿನ್ನ ಮೇಲೆ ಸಿಟ್ಟಿಲ್ಲ. ಅವಸರದಾಗ ಯಾರಾದರೂ ಮರೀತಾರ ಎಂದು ನನಗೇ ಬುದ್ಧಿ ಹೇಳಿದವಳು.

ನಿನಗೆ ಆಗದಿದ್ದರೆ ಆಗುವುದಿಲ್ಲ ಎಂದು ಬರೆ. ನಾನು ಬೇರೆ ದಾರಿ ನೋಡುತ್ತೇನೆ. ಈ ಸಲ ಕಾಯಿಸಬೇಡ.

ಅಡಿವೆಪ್ಪ


ಎವರೆಟ್
ಏಪ್ರಿಲ್ 19, 2025

ಅಡಿವೆಪ್ಪಾ,

ಇದನ್ನು ಗುರುಪ್ರಸಾದನೂ ಓದುತ್ತಾನೆ. ಓದಲಿ. ಅವನಿಗೂ ಗೊತ್ತಾಗಬೇಕಾದದ್ದೇ.

ಮೊದಲು ಹೊಸ ಸುಳ್ಳು. ಇಫ್ತಾರ್ ದಿನ ನಾನು ಆ ಹುಡುಗನಿಗೆ ಏನೂ ಹೇಳಲಿಲ್ಲ. ನಬೀಲಾಳಿಗೂ ಹೇಳಿರಲಿಲ್ಲ. ಮಾತು ನಾಲಿಗೆಯ ತುದಿಯಲ್ಲಿತ್ತು. ಆಚೆ ಬದಿ ನೋಡಿದರೆ ನಬೀಲಾ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, ಜೀವಮಾನದ ಪರೀಕ್ಷೆ ಬರೆಯುವವಳಂತೆ ಕೂತಿದ್ದಳು. ಇಲ್ಲಿ ಅವಳ ವೀಸಾ ಕಂಪನಿಯ ಕೈಯಲ್ಲಿದೆ. ಕೆಲಸ ಹೋದರೆ ಅರವತ್ತು ದಿನದೊಳಗೆ ಬೇರೆ ಕಂಪನಿ ಸಿಗಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ನಮ್ಮ ವೀಸಾದ ಧಣಿಯನ್ನು ಕಫೀಲ ಎನ್ನುತ್ತಿದ್ದೆವಲ್ಲ, ಇಲ್ಲಿ ಹೆಸರು ಬೇರೆ ಅಷ್ಟೆ. ಖರ್ಜೂರ ಬಾಯಿಗೆ ಹಾಕಿಕೊಂಡೆ, ಮಾತು ಅದರ ಜೊತೆಯಲ್ಲೇ ಒಳಗೆ ಹೋಯಿತು. ಮನೆಗೆ ಬಂದು ನಿನಗೆ ಹಾಗೆ ಬರೆದೆ.

ಈಗ ಹಳೆಯದು. ಇದನ್ನು ಯಾವ ರೀತಿ ಬರೆದರೂ ಕೆಟ್ಟದ್ದೇ, ಹಾಗಾಗಿ ನೇರ ಬರೆಯುತ್ತೇನೆ. ಅಲ್ಮೇರಾಕ್ಕೆ ಎರಡು ಬೀಗದಕೈ ಇದ್ದವು.

ನಮ್ಮಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡಿಸಿ ಮೊದಲ ಅಕ್ಷರ ಹೇಳಿಕೊಡುತ್ತೇವೆ. ನಬೀಲಾಳ ಬಿಸ್ಮಿಲ್ಲಾಗೆ ನಾನು ಮೈಸೂರಿಗೆ ಬಂದಿದ್ದೆ. ಒಂದು ಬೀಗದಕೈ ಅಂಗಿಯ ಜೇಬಿನಲ್ಲಿ ಬಂದುಬಿಟ್ಟಿತ್ತು. ಅದು ನಿಜವಾದ ಮರೆವು. ಬಿಸ್ಮಿಲ್ಲಾ ದಿನ ಮಧ್ಯಾಹ್ನ ಪಕ್ಕದ ಅಂಗಡಿಗೆ ಗುರುಪ್ರಸಾದನ ಫೋನ್ ಬಂತು. ಅಡಿವೆಪ್ಪನ ತಾಯಿ ಸೀರಿಯಸ್, ಬೀಗದಕೈ ಎಲ್ಲಿ ಎಂದ. ನನ್ನ ಹತ್ತಿರ ಎಂದೆ. "ಇನ್ನೊಂದು ಇದೆಯಾ?" ಎಂದ. "ಇಲ್ಲ" ಎಂದೆ.

ಇತ್ತು. ನನ್ನ ಮೇಜಿನ ಕೆಳಖಾನೆಯಲ್ಲಿ, ಕಾರ್ಬನ್ ಕಾಗದದ ಡಬ್ಬಿಯ ಅಡಿಯಲ್ಲಿ. ಗುರುಪ್ರಸಾದ ಫೋನ್ ಹಿಡಿದು ನಿಂತಿದ್ದ ಜಾಗದಿಂದ ಎರಡು ಮಾರು. ಪ್ಲಾಂಟ್ ನಿಲ್ಲಿಸಿ ರಿಪೇರಿ ನಡೆಯುತ್ತಿದ್ದ ದಿನಗಳು ಅವು. ಮುಗಿಯುವವರೆಗೆ ಒಬ್ಬನನ್ನೂ ಬಿಡಬೇಡ, ಬಿಡದಿದ್ದರೆ ನಿನಗೆ ಫ್ಯಾಮಿಲಿ ವೀಸಾ ಎಂದು ಮ್ಯಾನೇಜರ್ ಹೇಳಿದ್ದ. ನನ್ನ ಜೊತೆ ಅಂಗಡಿಗೆ ಬಂದ ನಾಲ್ಕು ವರ್ಷದ ಮಗಳು ಎದುರಿಗೆ ಕೂತಿದ್ದಳು. ನಾನು ಯಾರೆಂದು ಸರಿಯಾಗಿ ತಿಳಿಯದೆ 'ಅಂಕಲ್' ಎಂದಿದ್ದಳು ಆ ಬೆಳಿಗ್ಗೆ. ಇಲ್ಲ ಎಂದುಬಿಟ್ಟೆ. ಯೋಚಿಸಿ ಹೇಳಿದ್ದೂ ಅಲ್ಲ. ಆಮೇಲೆ ಫೋನ್ ಮಾಡಿ ತಿದ್ದಬಹುದಿತ್ತು. ರಜೆ ಮುಗಿಯಲು ಇನ್ನೂ ಹನ್ನೊಂದು ದಿನ ಇತ್ತು, ಮಾಡಲಿಲ್ಲ. ವೀಸಾ ಬಂತು. ನಬೀಲಾ ಅಲ್ಲಿನ ಇಂಗ್ಲಿಷ್ ಶಾಲೆಯಲ್ಲಿ ಎರಡು ವರ್ಷ ಕಲಿತಳು. ಅಲ್ಲಿಂದಲೇ ಅವಳ ಇಷ್ಟೂ ದಾರಿ.

ಕಮಲವ್ವ "ಮರೀತಾರ" ಎಂದದ್ದನ್ನು ನೀನು ಬರೆದೆಯಲ್ಲ, ಅದು ನನ್ನನ್ನು ಕೊಂದುಹಾಕಿತು. ಮೊನ್ನೆ ಗುರುವಾರ ಬಸ್ಸು, ರೈಲು, ಟ್ರಾಮು ಹಿಡಿದು ನಬೀಲಾಳ ಆಫೀಸಿಗೆ ಹೋದೆ. ಅಖ್ತರ್ ಎದುರು ಹೇಳುವ ಧೈರ್ಯ ಇರಲಿಲ್ಲ. ನಬೀಲಾ ಗಾಬರಿಯಿಂದ ಕೆಳಗೆ ಓಡಿ ಬಂದಳು. ಕೆರೆಯ ಬಳಿ ಬೆಂಚಿನ ಮೇಲೆ ಕೂತೆವು. ಮೊದಲು ಕಲ್ಮೇಶನ ವಿಷಯ ಹೇಳಿದೆ. ಮಾತು ನಡೆದದ್ದು ನಮ್ಮ ಮನೆಯ ಉರ್ದುವಿನಲ್ಲಿ, ನಿನಗೆ ಕನ್ನಡದಲ್ಲಿ ಬರೆಯುತ್ತೇನೆ.

"ಅಬ್ಬಾ, ಲೇಬರ್ ನಮ್ ಟೀಮ್‌ಗೆ ಬರಲ್ಲ. ನಾನ್ ಮಾಡೋದು ಕೂಲಿಂಗ್ ಸಾಫ್ಟ್‌ವೇರ್. ನಾನ್ ಹೋಗಿ ಏನಂತ ಕೇಳ್ಲಿ?"

"ನಾನೂ ಹಾಗೇ ಅಂದ್ಕೊಂಡಿದ್ದೆ, ಬೀಗದಕೈ ಕಾಯೋದಷ್ಟೇ ನನ್ ಕೆಲ್ಸ ಅಂತ."

ಆಮೇಲೆ ಎರಡನೇ ಬೀಗದಕೈಯ ಕಥೆ ಹೇಳಿದೆ. ಅವಳು ನೀರನ್ನೇ ನೋಡುತ್ತಿದ್ದಳು. "ನನ್ ಬಿಸ್ಮಿಲ್ಲಾ ದಿನಾನೇನಾ?" ಎಂದಳು. ಹೌದು ಎಂದೆ.

"ಯಾಕ್ ಹೇಳಿದ್ರಿ ಅಬ್ಬಾ ನಂಗೆ?"

ಅವಳು ಎದ್ದು ಹೋದಳು. ಆ ಸಂಜೆಯಿಂದ ನನ್ನ ಜೊತೆ ಮಾತಿಲ್ಲ. ಆದರೆ ಅಖ್ತರ್‌ಗೆ ಹೇಳಿದಳಂತೆ: ಮೂರು ತಿಂಗಳಿಗೊಮ್ಮೆ ಅವಳು ಸಹಿ ಹಾಕುವ ಒಂದು ಫಾರಂ ಇದೆ, ಅವಳ ಸಹಿ ಇಲ್ಲದೆ ಕಟ್ಟಡದ ಮುಂದಿನ ಹಂತ ಶುರುವಾಗುವುದಿಲ್ಲ. ಕೆಲಸಗಾರರ ಪಾಸ್‌ಪೋರ್ಟುಗಳು ಅವರವರ ಬಳಿ ಇವೆ ಎಂಬ ಸಾಲೂ ಅದರಲ್ಲಿದೆ. ಇಲ್ಲಿಯವರೆಗೆ ಓದದೆ ಸಹಿ ಮಾಡಿದ್ದಳು. ಈ ಸಲ ಮಾಡಿಲ್ಲ. ಕಾರಣವನ್ನೂ ಬರೆದು, ಕೆಳಗೆ ತನ್ನ ಹೆಸರು ಹಾಕಿದ್ದಾಳೆ.

ಏನಾಗುತ್ತದೋ ಗೊತ್ತಿಲ್ಲ. ಈ ಸಲ 'ಆಗುತ್ತಿದೆ' ಎಂದು ಬರೆಯುವುದಿಲ್ಲ. ಕ್ಷಮಿಸು ಎಂದು ಕೇಳಲೂ ನಾಚಿಕೆ.

ಜಫರುಲ್ಲಾ


ಎವರೆಟ್
ಏಪ್ರಿಲ್ 30, 2025

ಅಡಿವೆಪ್ಪ ಅಂಕಲ್‌ಗೆ,

ನಮಸ್ಕಾರ. ನಾನು ನಬೀಲಾ. ಗುರುಪ್ರಸಾದ್ ಅಂಕಲ್ ನಂಬರನ್ನು ಅಬ್ಬಾ ಫೋನಿನಿಂದ ತೆಗೆದುಕೊಂಡೆ. ಕನ್ನಡ ಬರೆದು ಹದಿನಾಲ್ಕು ವರ್ಷ ಆಯಿತು, ತಪ್ಪುಗಳಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ನಿನ್ನೆ ಸೈಟ್‌ನಲ್ಲಿ ಎಲ್ಲರ ಪಾಸ್‌ಪೋರ್ಟ್ ವಾಪಸ್ ಕೊಟ್ಟಿದ್ದಾರೆ. ಮುನ್ನೂರ ನಲವತ್ತು ಜನಕ್ಕೆ. ಕಲ್ಮೇಶ್ ಕೈಯಲ್ಲಿ ಹಿಡಿದುಕೊಂಡಿರುವ ಫೋಟೋ ನಿಮಗೂ ಬಂದಿರಬೇಕು. ರಜೆ ಕೊಡುವುದಕ್ಕೂ ಒಪ್ಪಿದ್ದಾರೆ. ನಮ್ಮ ಆಫೀಸಿನಲ್ಲಿ ಕೆಲವರು ಬೈದರು. ಆದರೆ ನಿಧಿಯ ಕಡೆಯಿಂದ ಬಂದ ಆ ಅಧಿಕಾರಿ, ಅಬ್ಬಾಗೆ ಖರ್ಜೂರ ಕೊಟ್ಟವರು, ಎರಡೇ ದಿನದಲ್ಲಿ ಮಾಡಿಸಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

ನನ್ನನ್ನು ಆ ಪ್ರಾಜೆಕ್ಟ್‌ನಿಂದ ತೆಗೆದಿದ್ದಾರೆ. ಸದ್ಯಕ್ಕೆ ಕೆಲಸ ಇದೆ, ಎಷ್ಟು ದಿನವೋ ತಿಳಿಯದು. ಇದನ್ನು ಅಬ್ಬಾಗೆ ಹೇಳಿಲ್ಲ. ನೀವೂ ದಯವಿಟ್ಟು ಬರೆಯಬೇಡಿ. ಅವರ ಜೊತೆ ಹತ್ತು ದಿನ ಮಾತು ಬಿಟ್ಟಿದ್ದೆ. ಅವರು ದಿನಾ ಬಸ್ ಸ್ಟಾಪಿಗೆ ಬಂದು ನಿಂತು, ನಾನು ಇಳಿದ ಮೇಲೆ ನನ್ನ ಹಿಂದೆಯೇ ಮನೆಗೆ ನಡೆದು ಬರುತ್ತಿದ್ದರು. ಮೊನ್ನೆ ನಿಂತು ಅವರ ಕೈ ಹಿಡಿದುಕೊಂಡೆ.

ಕಮಲವ್ವ ಆಂಟಿಯ ಆಪರೇಷನ್ ಚೆನ್ನಾಗಿ ಆಗಲಿ. ನಿಮ್ಮ ತಾಯಿ, ಆ ಅಜ್ಜಿಯ ವಿಷಯಕ್ಕೆ ನಾನೇ ಕಾರಣ ಅನಿಸುತ್ತದೆ. ಏನು ಬರೆಯಬೇಕು ಗೊತ್ತಾಗುತ್ತಿಲ್ಲ.

ನಿಮ್ಮ
ನಬೀಲಾ


ಬಾಗಲಕೋಟೆ, ಆಸ್ಪತ್ರೆ
ಮೇ 10, 2025

ಜಫರಣ್ಣ,

ನಿನ್ನ ಪತ್ರವನ್ನು ಗುರುಪ್ರಸಾದನ ಅಂಗಡಿಯಲ್ಲೇ ನಿಂತು ಓದಿದೆ. ಓದಿ ಅಲ್ಲೇ ಚೂರು ಚೂರು ಮಾಡಿದೆ. ಅವನು ಇನ್ನೊಂದು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟ. ಅವನ ಮುಖವೂ ಕಪ್ಪಿಟ್ಟಿತ್ತು. ನಾಲ್ಕು ದಿನ ನಾನು ನನ್ನ ಅಂಗಡಿ ತೆಗೆಯಲಿಲ್ಲ. ಇಪ್ಪತ್ತಾರು ವರ್ಷ ನಿನ್ನನ್ನು ಮರೆಗುಳಿ ಎಂದು ಬೈದೆನಲ್ಲ, ಅದೂ ದಂಡವಾಯಿತು. ನಿನಗೆ ಏನೇನು ಬರೆಯಬೇಕೆಂದು ಮನಸ್ಸಿನಲ್ಲೇ ಕಟ್ಟಿದ್ದೆ. ಒಂದಕ್ಕಿಂತ ಒಂದು ಖಾರದ ಮಾತುಗಳು. ಅಷ್ಟರಲ್ಲಿ ಪಾಸ್‌ಪೋರ್ಟಿನ ಫೋಟೋ ಬಂತು, ನಿನ್ನ ಮಗಳ ಪತ್ರ ಬಂತು. ಅವಳಿಗೆ ಹೇಳು, ನನ್ನ ತಾಯಿಯ ಸಾವಿನ ಭಾರ ಹೊರಲು ಅವಳು ಆಗ ನಾಲ್ಕು ವರ್ಷದ ಕೂಸು. ಅದನ್ನು ಹೊರುವವನು ನೀನು. ನೀನೇ ಹೊರು.

ಕಲ್ಮೇಶ್ ಬರಲಿಲ್ಲ.

ಪಾಸ್‌ಪೋರ್ಟು ಕೈಯಲ್ಲಿತ್ತು, ರಜೆ ಇತ್ತು, ಟಿಕೆಟ್ಟಿಗೂ ಒಪ್ಪಿದ್ದರು. ಹೊರಡುವ ಹಿಂದಿನ ದಿನ ಫೋನ್ ಮಾಡಿದ. "ಅಪ್ಪಾ, ಪಾಸ್‌ಪೋರ್ಟ್ ಸಿಕ್ಕ ಕೂಡ್ಲೆ ಭಾಳ ಮಂದಿ ಊರಿಗೆ ಹೊಂಟಾರ. ಉಳದವ್ರಿಗೆ ಫೋರ್‌ಮನ್ ಮಾಡ್ತೀವಿ ಅಂತಾರ. ಇಂಥಾ ಅವಕಾಶ ಮತ್ತ ಬರಂಗಿಲ್ಲ. ಅವ್ವಗ ನೀನ ಹೇಳು, ದೀಪಾವಳಿಗೆ ಬರ್ತೀನಿ." ನಾನು ಬೈಯಲಿಲ್ಲ. ನನ್ನನ್ನು ಹಿಡಿದಿಟ್ಟದ್ದು ನೀನು. ಅವನನ್ನು ಯಾರು ಹಿಡಿದಿಟ್ಟರು ಎಂದು ಹೇಳಿ ಬೈಯಲಿ? ಬಾಗಿಲು ತೆರೆದಿತ್ತು. ನಿನ್ನ ಮಗಳು ಸಹಿ ಹಾಕದೆ ಹಟ ಹಿಡಿದು ತೆರೆಸಿದ ಬಾಗಿಲು.

ಬುಧವಾರ ಬೆಳಿಗ್ಗೆ ಕಮಲವ್ವನನ್ನು ಒಳಗೆ ಒಯ್ಯಲು ಬಂದರು. ಗಾಲಿ ಮಂಚದ ಮೇಲೆ ಮಲಗಿ, ನನ್ನ ಅಂಗಿ ತೋಳು ಹಿಡಿದು, "ಬಂದ್ನೇನ್ರಿ?" ಎಂದಳು. ಬಂದಿಲ್ಲ ಎಂದರೆ ಎದ್ದು ಕೂರುತ್ತಾಳೆ. ಆಪರೇಷನ್ ತಪ್ಪಿದರೆ ಅವಳು ಉಳಿಯುವುದಿಲ್ಲ. "ವಿಮಾನ ಹತ್ಯಾನ, ನೀ ಕಣ್ಣು ತೆರಿಯೂದ್ರಾಗ ಮುಂದ ಇರ್ತಾನ" ಎಂದೆ. ಅವಳು ನಕ್ಕು ತೋಳು ಬಿಟ್ಟಳು.

ನಾನೂ ಯೋಚಿಸಿ ಹೇಳಲಿಲ್ಲ, ಜಫರಣ್ಣ. ಬಾಯಿ ತೆರೆದೆ, ಬಂತು. ಹೊರಗಿನ ಬೆಂಚಿನ ಮೇಲೆ ಐದು ತಾಸು ಕೂತಾಗ ನನ್ನ ತಲೆಯಲ್ಲಿ ಮಗನಿರಲಿಲ್ಲ, ತಾಯಿಯೂ ಇರಲಿಲ್ಲ. ಮೈಸೂರಿನ ಯಾವುದೋ ಅಂಗಡಿಯಲ್ಲಿ ಫೋನ್ ಹಿಡಿದು ನಿಂತ ನೀನಿದ್ದೆ. ನಿನ್ನನ್ನು ಕ್ಷಮಿಸಿದೆ ಎಂದು ತಿಳಿಯಬೇಡ. ಅದು ತಾಯಿಯ ವಿಷಯ, ಕ್ಷಮಿಸುವುದು ನನ್ನ ಕೈಯಲ್ಲಿಲ್ಲ. ಆದರೆ ಮೊದಲ ಸಲ ನಿನ್ನ ಮುಖ ಕಂಡಿತು.

ಆಪರೇಷನ್ ಚೆನ್ನಾಗಿ ಆಯಿತು. ಮೂರು ದಿನದಿಂದ ಮಂಪರಿನಲ್ಲಿ ಕೇಳುತ್ತಾಳೆ, ಮೂರು ದಿನದಿಂದ ಅವನನ್ನು ವಿಮಾನದಲ್ಲೇ ಕೂರಿಸಿದ್ದೇನೆ. ಇವತ್ತು ವಾರ್ಡಿಗೆ ತಂದಿದ್ದಾರೆ, ಮಂಪರು ಪೂರಾ ಇಳಿದಿದೆ. ಡಾಕ್ಟರು, ಎದೆಗೆ ಈಗಲೇ ಯಾವ ಪೆಟ್ಟೂ ತಾಗಬಾರದು ಎಂದಿದ್ದಾರೆ. ಬರುವ ಗುರುವಾರ ಮನೆಗೆ ಬಿಡುತ್ತಾರೆ. ಅಷ್ಟರೊಳಗೆ ನಾನು ನಿಜ ಹೇಳಬೇಕು, ಇಲ್ಲವೇ ಇನ್ನೊಂದು ಸುಳ್ಳು ಹುಡುಕಬೇಕು. ಹುಡುಕಿದರೆ ಅದನ್ನು ಎಷ್ಟು ವರ್ಷ ಕಾಯಬೇಕಾಗುತ್ತದೋ. ಇದರಲ್ಲಿ ನನಗಿಂತ ನೀನು ಪಳಗಿದವನು.

ಏನು ಹೇಳಲಿ? ಗುರುವಾರದೊಳಗೆ ಬರೆ.

ಅಡಿವೆಪ್ಪ